ಜೋಳದ ದಂಟಿನ ಅಳತೆ

ದೇವಸಮುದ್ರದ ಜಂಬುಲಿಂಗಪ್ಪ ತನ್ನ ಹಳೇ ಜೀಪನ್ನು ಎತ್ತರಿಸಲು ಚಳ್ಳಕೆರೆಗೆ ತಂದ ದಿನ, ಹಿಂದೆ ಒಂದು ಜೋಳದ ದಂಟಿತ್ತು, ಮುಂದಿನ ಸೀಟಿನಲ್ಲಿ ಅವನ ತಾಯಿ ಸೂರಮ್ಮ ಇದ್ದರು.

ಮೆಕ್ಯಾನಿಕ್ ಖಾಜಾ ಹುಸೇನರ ಮನೆ ಅವರ ಗ್ಯಾರೇಜಿನ ಹಿಂದೆಯೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮಗಳು ಜಬೀನ್ ಗಿರಾಕಿಗಳ ಎದುರು ಬಾಯಿ ತೆರೆಯುವವಳಲ್ಲ. ಬಾಗಿಲ ಪರದೆಯ ಸಂದಿಯಿಂದ ಹೊರಗಿನದನ್ನೆಲ್ಲ ನೋಡುತ್ತಿದ್ದಳು. ಸೂರಮ್ಮ ಇಳಿದದ್ದನ್ನೂ ನೋಡಿದಳು. ಮುಂದಿನ ಗಾಜಿನ ಚೌಕಟ್ಟು ಹಿಡಿದು, ಕಾಲ ಬೆರಳಿಗೆ ನೆಲ ಸಿಗುವತನಕ ಜೋತಾಡಿ, ಆಮೇಲೆ ಭಾರ ಬಿಟ್ಟರು. ಮಗ ಚಾಚಿದ ಕೈಯನ್ನು ಅವರು ಹಿಡಿಯಲಿಲ್ಲ.

ಜಂಬುಲಿಂಗಪ್ಪನ ತೊಂದರೆ ಒಂದು ಬಂಡೆಯದು. ಹೊಲಕ್ಕೂ ಕುರಿ ರೊಪ್ಪಕ್ಕೂ ಹೋಗುವ ಹಳ್ಳದಲ್ಲಿ, ಎರಡು ಚಕ್ರದ ಜಾಡಿನ ನಡುವೆ ಅದು ಕೂತಿತ್ತು. ದಿನಾ ಸೈಲೆನ್ಸರ್ ಅದಕ್ಕೆ ಬಡಿಯುತ್ತಿತ್ತು. ಬಂಡೆಯ ಪಕ್ಕ ದಂಟು ನಿಲ್ಲಿಸಿ, ಅದರ ಎತ್ತರಕ್ಕೆ ಸರಿಯಾಗಿ ಮುರಿದು ತಂದಿದ್ದ. ಜೀಪಿನ ಕೆಳಗೆ ಹಿಡಿದು ನೋಡಿದರೆ ದಂಟು ಸೈಲೆನ್ಸರಿಗಿಂತ ಮೂರು ಇಂಚು ಉದ್ದವಿತ್ತು. ಇನ್ನೊಂದು ಇಂಚು ಬಿಡುವು ಸೇರಿಸಿ ನಾಲ್ಕು ಇಂಚು ಎತ್ತಿಬಿಡಿ ಎಂದ.

ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಾ ಬಿಚ್ಚುವ ಮೊದಲು ಖಾಜಾ ಹುಸೇನರದ್ದೊಂದು ಪದ್ಧತಿ. ಎರಡಿಂಚು ದಪ್ಪದ ಮರದ ಹಲಗೆಗಳನ್ನು ನಾಲ್ಕೂ ಚಕ್ರದಡಿ ಜೋಡಿಸಿ, ಮುಂದೆ ಜೀಪು ಎಷ್ಟೆತ್ತರ ನಿಲ್ಲುತ್ತದೆಂದು ತೋರಿಸುತ್ತಿದ್ದರು. ಓಡಿಸುವವನು ಒಮ್ಮೆ ಹತ್ತಿ ಕೂರಬೇಕು. ಪಕ್ಕದಲ್ಲಿ ಕೂರುವವರನ್ನು ಅವರು ಈವರೆಗೆ ಹತ್ತಿಸಿರಲಿಲ್ಲ. ಎರಡೆರಡು ಹಲಗೆಯ ಮೇಲೆ ನಿಂತ ಜೀಪಿಗೆ ಜಂಬುಲಿಂಗಪ್ಪ ಹಾರಿ ಹತ್ತಿದ, ಮದುಮಗನ ಹಾಗೆ ಕೂತ.

ಅಷ್ಟರಲ್ಲಿ ಮನೆಯೊಳಗೆ ಬಂದು ಮಂಚದ ಮೇಲೆ ಕೂತಿದ್ದ ಸೂರಮ್ಮನೂ ಪರದೆಯಾಚೆ ನೋಡುತ್ತಿದ್ದರು.

"ಇನ್ನ ನನ್ನನ್ನ ಮನೇಲೇ ಬಿಟ್ಟು ಹೋಗ್ತಾನೆ ಬುಡು," ಎಂದರು ಜಬೀನಳಿಗೆ. "ದಿನಾ ರೊಪ್ಪಕ್ಕೆ ಎತ್ತಿ ಕೂರ್ಸಿಕೊಂಡು ಹೋಗೋಕೆ ನಾನೇನು ಕುರಿಮರೀನಾ?"

ಜಬೀನ್ ಚಹಾಕ್ಕೆ ನೀರಿಟ್ಟು ಹೊರಗೆ ಬಂದಳು. ದಂಟು ಗೋಡೆಗೆ ಒರಗಿತ್ತು. ಅದರ ಬುಡಕ್ಕೆ ಹಳ್ಳದ ಒಣಗಿದ ಕೆಸರು ಮರಳು ಸುತ್ತಲೂ ಒಂದೇ ಮಟ್ಟಕ್ಕೆ ಹತ್ತಿತ್ತು, ಗೆರೆ ಎಳೆದ ಹಾಗೆ. ಬೆರಳಿಟ್ಟು ನೋಡಿದಳು. ಎರಡು ಇಂಚು. ಗೆರೆಯ ಮೇಲೆ ಹೆಬ್ಬೆರಳು ಒತ್ತಿಕೊಂಡೇ ಅಪ್ಪನ ಹತ್ತಿರ ಹೋಗಿ, ಇಷ್ಟು ಭಾಗ ಮರಳೊಳಗಿತ್ತು ಅಬ್ಬಾ ಎಂದು ಉರ್ದುವಿನಲ್ಲಿ ಮೆಲ್ಲಗೆ ಹೇಳಿದಳು.

ಖಾಜಾ ಹುಸೇನರು ಸ್ಪ್ಯಾನರ್ ಕೆಳಗಿಟ್ಟು ಜಂಬುಲಿಂಗಪ್ಪನನ್ನು ಕೇಳಿದರು. ದಂಟು ಗಾಳಿಗೆ ನಿಲ್ಲಲಿಲ್ಲ, ಮರಳಿಗೆ ಚುಚ್ಚಿದ್ದೆ ಎಂದು ಒಪ್ಪಿಕೊಂಡ. ಚಕ್ರದ ಜಾಡು ಗಟ್ಟಿಯಿದೆ, ಅಲ್ಲಿ ಗಾಡಿ ಹೂತುಕೊಳ್ಳುವುದಿಲ್ಲ ಎಂದೂ ಹೇಳಿದ. ಹಾಗಾದರೆ ಮರಳೊಳಗಿದ್ದ ಎರಡಿಂಚು ಕಳೆದು, ನಾಲ್ಕರ ಬದಲು ಎರಡಿಂಚೇ ಎತ್ತಿದರೆ ಸಾಕು ಎಂದರು ಖಾಜಾ ಹುಸೇನ್. ಆದರೆ ಎತ್ತರದ ರುಚಿ ಹತ್ತಿದವನು ನಾಲ್ಕೇ ಇರಲಿ ಎಂದು ಹಟ ಹಿಡಿದ. ಅವ್ವನಿಗೆ ಕೆಳಗೊಂದು ಮೆಟ್ಟಿಲು ಬೆಸುಗೆ ಹಾಕಿಸಿದರಾಯಿತು ಎಂದ.

"ಆ ಮೆಟ್ಲೇ ಮೊದ್ಲು ಹಳ್ಳದ ದಡಕ್ಕೆ ಬಡೀತೈತೆ ಸಾವ್ಕಾರ್ರೇ," ಎಂದರು ಖಾಜಾ ಹುಸೇನ್. ಮತ್ತೆ ಸ್ಪ್ಯಾನರ್ ಎತ್ತಿಕೊಂಡರು. ಗಾಡಿ ಗಿರಾಕಿಯದು.

ಜಬೀನ್ ಬಾಗಿಲಿಗೆ ಬಂದು ಪರದೆ ಸರಿಸಿದಳು. ಗಿರಾಕಿಯ ಎದುರೇ ದನಿ ಎತ್ತಿದಳು.

"ಅಜ್ಜಿ, ನೀವೂ ಒಂದ್ಸಲ ಹತ್ತಿ ನೋಡ್ರಿ."

ಸೂರಮ್ಮ ಎದ್ದು ಬಂದರು. ಚೌಕಟ್ಟು ಹಿಡಿದು ಕಾಲೆತ್ತಿದರು. ಕಾಲು ಜೀಪಿನ ನೆಲದಂಚಿಗೆ ಮುಟ್ಟಲಿಲ್ಲ. ಜಂಬುಲಿಂಗಪ್ಪ ಕೆಳಗಿಳಿದು ಎರಡೂ ಕೈ ಚಾಚಿದ. ಸೂರಮ್ಮ ಕಾಲು ಕೆಳಗಿಟ್ಟು, ಅವನ ಕೈ ನೋಡದೆ, ರಸ್ತೆಯ ಕಡೆ ಮುಖ ಮಾಡಿ ನಿಂತರು. ಅವನ ಕೈ ತಾನಾಗಿಯೇ ಹಿಂದೆ ಬಂತು.

"ಒಂದೊಂದು ಹಲಗೆ ತೆಗೀರಿ ಸಾಬ್ರೇ," ಎಂದ.

ಖಾಜಾ ಹುಸೇನರು ಜಾಕ್ ಹಚ್ಚಿ ಚಕ್ರಕ್ಕೊಂದರಂತೆ ತೆಗೆದರು. ಸೂರಮ್ಮನ ಮೊದಲ ಪ್ರಯತ್ನ ತಪ್ಪಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡನೇ ಸಲ ಮೈ ತೂಗಿ ಹತ್ತಿ, ಸೀಟಿನಲ್ಲಿ ಕೂತುಬಿಟ್ಟರು. ಉಸಿರು ಹತೋಟಿಗೆ ಬಂದ ಮೇಲೆ ಮಗನ ಕಡೆ ತಿರುಗಿದರು.

"ಲೇ ಜಂಬು, ದಂಟು ನೆಟ್ಟು ಬಂದಿದ್ಯಲ್ಲ, ನೀರು ಹಾಯ್ಸಿದ್ಯೇನೋ?"

ಜಂಬುಲಿಂಗಪ್ಪ ತಲೆ ಕೆರೆದುಕೊಂಡು ಎರಡಿಂಚೇ ಮಾಡಿ ಎಂದು ಖಾಜಾ ಹುಸೇನರಿಗೆ ಹೇಳಿದ. ಅವರು ಸ್ಪ್ಯಾನರ್ ಹಿಡಿದು ಕಾದರು. ಸೂರಮ್ಮ ಇಳಿಯುವ ಲಕ್ಷಣವಿರಲಿಲ್ಲ. ಚಹಾ ಎಲ್ಲಿ ಎಂದು ಮೇಲಿಂದಲೇ ಕೇಳಿದರು. ಜಬೀನ್ ಲೋಟ ತಂದು ತುದಿಗಾಲಲ್ಲಿ ನಿಂತು ಎತ್ತಿಕೊಟ್ಟಳು.