ಅಂದಾಜಿನ ಗಾಡಿ

ನನ್ನ ಹೊಲಿಗೆ ಅಂಗಡಿಯಲ್ಲಿ ನಲವತ್ತು ವರ್ಷ ಒಂದು ಮಾತನ್ನು ಯಾರೂ ಆಡುವಂತಿರಲಿಲ್ಲ: ಅಂದಾಜು. 'ಅಂದಾಜಿಗೆ ಕತ್ತರಿಸಿದೆ ಅಕ್ಕಾ' ಎಂದ ಕೆಲಸದವಳನ್ನು ಅವತ್ತೇ ಮನೆಗೆ ಕಳಿಸಿದ್ದೇನೆ. ಅಂಥ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ, ಅದೂ ಶಾಲೆಯಲ್ಲಿ ಗಣಿತ ಹೇಳಿಕೊಡುವವನು, ನನಗೊಂದು ವಾಕರ್ ತಂದು ನಡುಮನೆಯಲ್ಲಿ ನಿಲ್ಲಿಸಿದ.

"ಅಂದಾಜಿಗೆ ತಂದೆ ಅಮ್ಮ. ಇರೋದ್ರಲ್ಲೆಲ್ಲ ಒಳ್ಳೇದು."

ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಏಳು ವಾರವಾಗಿತ್ತು. ಡಾಕ್ಟರು ನಡೆಯಲು ಹೇಳಿದ್ದರು. ನಾನು ನಡೆಯಬೇಕಾಗಿದ್ದುದು ಒಂದೇ ಕಡೆಗೆ, ಮಂಚದಿಂದ ಬಚ್ಚಲುಮನೆಗೆ, ಹನ್ನೊಂದು ಹೆಜ್ಜೆ. ನಾನೇ ಹೋಗಿ ನಾನೇ ಬರಬೇಕು. ಸೊಸೆ ಒಳ್ಳೆಯವಳೇ. ಆದರೆ ದಿನಕ್ಕೆ ಆರು ಸಲ ಅವಳ ಕೈಯಲ್ಲಿ ಬಟ್ಟೆ ಎತ್ತಿಸಿಕೊಂಡು ಕೂರುವುದು ನನ್ನಿಂದಾಗದು.

ಆ ಗಾಡಿಗೆ ನಾಲ್ಕು ಚಕ್ರ, ಕೂರಲು ಸೀಟು, ಮುಂದೊಂದು ಬುಟ್ಟಿ, ಸೈಕಲ್ಲಿಗಿರುವಂಥ ಬ್ರೇಕು. ತರಕಾರಿ ಮಾರಲು ಹೊರಟ ಹಾಗಿತ್ತು. ಹಿಡಿಕೆ ನನ್ನ ಎದೆಮಟ್ಟಕ್ಕೆ ಬರುತ್ತಿತ್ತು. ಮುಟ್ಟಿದ್ದೇ ತಡ, ಮುಂದಕ್ಕೆ ಓಡಿತು. ಬ್ರೇಕು ಒತ್ತೋಣವೆಂದರೆ ನಲವತ್ತು ವರ್ಷ ಕತ್ತರಿ ಹಿಡಿದ ಬೆರಳು ಮಡಚುವುದಿಲ್ಲ. ಸೊಸೆ ಹಿಂದಿನಿಂದ ಹಿಡಿದುಕೊಳ್ಳದಿದ್ದರೆ ಇನ್ನೊಂದು ಕಡೆಯ ಮೂಳೆಯೂ ಹೋಗುತ್ತಿತ್ತು. ಹೇಗೋ ಬಚ್ಚಲುಮನೆಯ ತನಕ ತಲುಪಿದರೆ, ಗಾಡಿ ಢಣ್ಣನೆ ಚೌಕಟ್ಟಿಗೆ ಬಡಿದು ನಿಂತಿತು. ಬಾಗಿಲಿಗಿಂತ ಅದೇ ಅಗಲ.

ಮಗ ತಲೆ ಕೆರೆದುಕೊಂಡ. ಸಂಜೆ ಬರುವಾಗ ಅವನ ಕೈಯಲ್ಲಿ ದೊಡ್ಡದೊಂದು ಪೊಟ್ಟಣ.

"ಸ್ವಲ್ಪ ದಿನ ಡೈಪರ್ ಹಾಕ್ಕೋ ಅಮ್ಮ. ನಿಂಗೂ ಕಷ್ಟ ಇಲ್ಲ, ನಮಗೂ..."

ನನ್ನ ಮೈಯೆಲ್ಲ ಉರಿದುಹೋಯಿತು.

"ಬಾಗಿಲಿಗೆ ಹಿಡಿಸೋ ಗಾಡಿ ತರೋಕಾಗ್ದೆ ನಂಗೇ ಲಂಗೋಟಿ ಕಟ್ತೀಯೇನೋ? ನಿನ್ನ ಮೊದಲನೇ ಚಡ್ಡಿಗೆ ಮೂರು ಸಲ ಅಳತೆ ತಗೊಂಡಿದ್ದೆ ನಾನು. ನನ್ನ ಅಳತೆ ಯಾರು ತಗೊಂಡ್ರಿ?"

"ಅಂಗಡೀಲಿ ಎತ್ತರ ಹೇಳಿದ್ನಲ್ಲ. ಐದಡಿ ನಾಲ್ಕಿಂಚು."

"ಅದು ನನ್ನ ಮದುವೆ ಕಾಲದ ಎತ್ತರ ಕಣೋ!"

ಸೊಸೆ ಫಕ್ಕನೆ ನಕ್ಕು, ಬಾಯಿ ಮುಚ್ಚಿಕೊಂಡಳು. ನಾನು ದಿಂಬಿನಡಿಯಿಂದ ಅಳತೆ ಟೇಪು ತೆಗೆದು ಮಗನ ಮೇಲೆ ಎಸೆದೆ. ಮನೆಯೊಳಗಿನ ಚಪ್ಪಲಿ ಮೆಟ್ಟಿ, ಸೊಸೆಯ ಭುಜ ಹಿಡಿದು ನಿಂತು, ಇನ್ನೊಂದು ಕೈಯನ್ನು ಇಳಿಬಿಟ್ಟೆ.

"ಮಣಿಕಟ್ಟಿನ ಗೆರೆಯಿಂದ ನೆಲಕ್ಕೆ ಹಿಡಿ. ಹಿಡಿಕೆ ಅಲ್ಲಿಗೆ ಬರ್ಬೇಕು."

"ಸುಮಾರು ಇಪ್ಪತ್ತೊಂಬತ್ತು."

"ಸುಮಾರು ಅಂದ್ರೆ ಬಾಯಿಗೆ ಹೊಲಿಗೆ ಹಾಕ್ತೀನಿ!"

"ಇಪ್ಪತ್ತೆಂಟೂವರೆ."

ಬಚ್ಚಲುಮನೆಯ ಬಾಗಿಲು ಇಪ್ಪತ್ನಾಲ್ಕು ಎಂದ. ಬಾಗಿಲು ಗೋಡೆಗೆ ತಾಗಿ ಪೂರ್ತಿ ತೆರೆಯುವುದಿಲ್ಲ, ಹಲಗೆಯ ದಪ್ಪ ಕಳೆ ಎಂದೆ. ಗಣಿತದ ಮೇಷ್ಟ್ರು ಕಳೆದರು. ಇಪ್ಪತ್ತೆರಡೂವರೆ.

ಮರುದಿನ ಮಗನ ಭುಜ ಹಿಡಿದು, ಆಟೋದಲ್ಲಿ ನಾನೂ ಆ ವಾಕರ್ ಅಂಗಡಿಗೆ ಹೋದೆ. ಅಂಗಡಿಯವನು ನನ್ನನ್ನು ಬಿಟ್ಟು ಮಗನನ್ನು ಕೇಳಿದ, "ಅಜ್ಜಿಗೆ ಏನ್ ಬೇಕಂತೆ?"

"ಅಜ್ಜಿಗೆ ನಾಲಿಗೆ ಇದೆ," ಎಂದೆ. "ಮುಂದೆ ಎರಡೇ ಚಕ್ರ ಇರ್ಬೇಕು, ಹಿಂದೆ ರಬ್ಬರ್ ಕಾಲು. ಬ್ರೇಕು ಬೇಡ, ಬುಟ್ಟಿ ಬೇಡ. ಅಗಲ ಇಪ್ಪತ್ತೆರಡು ದಾಟ್ಬಾರ್ದು."

"ಅಯ್ಯೋ, ಅದು ಹಳೇ ಮಾದರಿ ಅಜ್ಜಿ."

"ನಾನೂ ಹಳೇ ಮಾದರೀನೇ. ತೆಗಿ."

ಗೊಣಗುತ್ತಾ ಒಳಗಿಂದ ತಂದು, ಧೂಳು ಒರೆಸಿ, ಕಾಲಿನ ಗುಂಡಿ ಒತ್ತಿ ಒತ್ತಿ ಉದ್ದ ಮಾಡಿದ. "ಅಂದಾಜಿಗೆ ಇಷ್ಟು ಸಾಕು..."

"ಅಂದಾಜು ಬೇಡ!" ಎಂದು ಕೂಗಿದವನು ನನ್ನ ಮಗ. ಜೇಬಿನಿಂದ ಟೇಪು ಎಳೆದು, ಅಂಗಡಿಯ ನೆಲದ ಮೇಲೆ ಮೊಣಕಾಲೂರಿ ಕೂತು ಅಳೆದ. ಅಷ್ಟಕ್ಕೆಲ್ಲ ನನ್ನ ಸಿಟ್ಟು ಇಳಿಯಲಿಲ್ಲ. ಆ ಪೊಟ್ಟಣ ಇನ್ನೂ ನನ್ನ ಮಂಚದ ಕೆಳಗೇ ಇತ್ತು.

ಮನೆಯಲ್ಲಿ ವಾಕರ್ ಹಿಡಿದು ಪುಟ್ಟ ಪುಟ್ಟದಾಗಿ ಇಟ್ಟದ್ದಕ್ಕೆ ಹನ್ನೊಂದು ಹೆಜ್ಜೆ ಹತ್ತೊಂಬತ್ತಾಯಿತು. ಸೊಸೆ ಕೈ ಚಾಚಿಕೊಂಡು ಪಕ್ಕದಲ್ಲೇ ಬಂದಳು, ಮುಟ್ಟಲಿಲ್ಲ. ವಾಕರ್ ಚೌಕಟ್ಟಿಗೆ ತಾಗದೆ ಒಳಗೆ ಹೋಯಿತು. ಹಿಂದೆಯೇ ನಾನು.

"ಚಿಲಕ ಹಾಕ್ಬೇಡ ಅಮ್ಮ," ಹೊರಗಿನಿಂದ ಮಗ ಅಂದ. "ಬಿದ್ದುಗಿದ್ದರೆ?"

ಅವನು ಹೇಳಿದ್ದು ತಪ್ಪೇನಲ್ಲ. ಆದರೆ ಏಳು ವಾರದಿಂದ ಆ ಬಾಗಿಲು ನನ್ನ ಹಿಂದೆ ಒಮ್ಮೆಯೂ ಮುಚ್ಚಿರಲಿಲ್ಲ.

ಚಿಲಕ ಹಾಕಿದೆ.