ಒದ್ದೆ ಬೋಲ್ಟು

ತೋಲ್ಗಾ ಊರಿನ ಖರ್ಜೂರ ಗೋದಾಮಿನ ಗಾಜಿನ ಕೋಣೆಯಲ್ಲಿ ಎಂಜಿನಿಯರ್ ತುಹಾಮಿ ಮದುಮಗನಂತೆ ಕೂತಿದ್ದ. ಎದುರಿಗೆ ಜರಿಯಂಚಿನ ಬಟ್ಟೆ ಹೊದ್ದ ಮದುಮಗಳು: ತೇವ ಅಳೆಯುವ ಯಂತ್ರ. ತಟ್ಟೆಯಲ್ಲಿ ಹಣ್ಣಿನ ಚೂರಿಟ್ಟು ಮುಚ್ಚಿದರೆ ಒಳಗೆ ದೀಪ ಉರಿದು ಒಣಗಿಸುತ್ತದೆ. ಇಳಿದ ತೂಕವೆಲ್ಲ ನೀರೆಂದು ಲೆಕ್ಕ. ನೂರಕ್ಕೆ ಇಪ್ಪತ್ತಾರು ದಾಟಿತೋ, ಲಾರಿ ವಾಪಸ್ಸು.

ಮಬ್ರೂಕನ ಲಾರಿ ಆಗಲೇ ಎರಡು ಸಲ ವಾಪಸ್ಸಾಗಿತ್ತು. ಇವತ್ತೂ ಆದರೆ ಅವನ ತಾಯಿ ವರ್ಷವಿಡೀ ನೀರು ಹಾಯಿಸಿ ಬೆಳೆದ ದೆಗ್ಲೆತ್ ನೂರ್ ಖರ್ಜೂರವೆಲ್ಲ ಮೇಕೆಗಳ ಬಾಯಿಗೇ.

"ಮೂವತ್ತೊಂದು. ಒದ್ದೆ, ತಗೊಂಡ್ಹೋಗು" ಅಂದ ತುಹಾಮಿ, ತಲೆ ಎತ್ತದೆ.

"ಒದ್ದೆನಾ? ಒಣಗಿ ಗಟ್ಟಿಯಾಗಿದೆ, ಕಚ್ಚಿದ್ರೆ ಹಲ್ಲೇ ಕಿತ್ಕೊಂಡು ಬರ್ತದೆ!"

"ನಿನ್ನ ಹಲ್ಲಿಗೇನೋ ಗೊತ್ತು? ಸಮುದ್ರದಾಚೆಯಿಂದ ಬಂದ ಯಂತ್ರ ಸುಳ್ಳು ಹೇಳ್ತದಾ?"

ಸಾಲಿನಲ್ಲಿದ್ದವರು ಬಾಗಿಲಿಗೆ ಮುತ್ತಿಕೊಂಡರು. ಮಬ್ರೂಕ್ ಜೇಬಿನಿಂದ ಲಾರಿಯ ಹಳೇ ಬೋಲ್ಟೊಂದನ್ನು ತೆಗೆದು ಮೇಜಿನ ಮೇಲೆ ಕುಕ್ಕಿದ. "ಹಾಗಾದ್ರೆ ಇದನ್ನ ಅಳೀರಿ, ಸಾಹೇಬ್ರೇ."

ಅಷ್ಟು ಜನರೆದುರು ಒಲ್ಲೆನೆಂದರೆ ಯಂತ್ರಕ್ಕೇ ಅವಮಾನ. ತುಹಾಮಿ ಮುಚ್ಚಳ ತೆಗೆದ. ತಟ್ಟೆಯ ತಳದಲ್ಲೊಂದು ಪುಟ್ಟ ಬಟ್ಟೆಯ ಗಂಟು. "ಬಿಸ್ಮಿಲ್ಲಾ" ಎಂದು ಅದರ ಮೇಲೆ ಸೀಸೆಯಿಂದ ಕಿತ್ತಳೆ ಹೂವಿನ ನೀರು ಚಿಮುಕಿಸಿ, ಮೇಲೆ ಬೋಲ್ಟಿಟ್ಟು ಮುಚ್ಚಿದ. ದೀಪ ಉರಿಯಿತು. ಕೋಣೆಯೆಲ್ಲ ಮದುವೆ ಮನೆಯ ವಾಸನೆ.

ಯಂತ್ರ ಕುಂಯ್ಗುಟ್ಟಿತು. ತುಹಾಮಿ ಬಗ್ಗಿ ಅಂಕಿ ಓದಿದ.

"ಏಳು. ಬೋಲ್ಟೂ... ಸ್ವಲ್ಪ ಒದ್ದೆನೇ."

"ಹಿಂಡಿ ನೋಡೋ ಮಗಾ, ಲೋಟ ತುಂಬಬಹುದು!" ಬಾಗಿಲಿನಿಂದ ಕೂಗಿದ, ಸಾಲಿನಲ್ಲಿ ಮುಂದಿನವನಾದ ಜಲ್ಲೂಲ್ ಕಾಕಾ. ಗಾಜು ಅದುರುವಷ್ಟು ನಗು.

ಮಬ್ರೂಕ್ ಗಂಟನ್ನು ಕಿತ್ತು ಹಿಡಿದ. "ಇದೇನಿದು?"

"ಉಪ್ಪು ಕಣೋ! ಹಿಂದಿನ ಯಂತ್ರ ದೃಷ್ಟಿ ತಾಗಿ ಸುಟ್ಟೋಯ್ತು. ನಮ್ಮಮ್ಮ ಕಟ್ಟಿಕೊಟ್ಟಿದ್ದು. ಪ್ರತಿ ಲಾರಿಗೂ ಹೂನೀರು ಹಾಕ್ಲೇಬೇಕು."

"ದೀಪಕ್ಕೆ ಆರಿಹೋಗೋ ಆ ನೀರನ್ನ ಯಾರ ಹಣ್ಣಿನ ಲೆಕ್ಕಕ್ಕೆ ಬರೀತೀರಿ?"

ಪಟ್ಟಣದಲ್ಲಿ ಅಷ್ಟು ವರ್ಷ ಓದಿ ಕುರ್ಚಿಯಲ್ಲಿ ಹಿಂದಕ್ಕೆ ವಾಲುವುದನ್ನು ಕಲಿತು ಬಂದವನು ಈಗ ಮುಂದಕ್ಕೆ ಬಾಗಿ ತಟ್ಟೆ ಒರೆಸಿದ. ಮಬ್ರೂಕ್ ಗಂಟನ್ನು ಮುಷ್ಟಿಯಲ್ಲೇ ಬಿಗಿಹಿಡಿದು ನಿಂತ. ಖರ್ಜೂರದ ಹೊಸ ಚೂರು ಒಣ ತಟ್ಟೆಯಲ್ಲಿ ಕೂತಿತು. ಇಪ್ಪತ್ನಾಲ್ಕು.

ತುಹಾಮಿ ಚೀಟಿಗೆ ಮೊಹರು ಗುದ್ದಿದ. ಮುಖದಲ್ಲಿ ಮತ್ತೆ ಮದುಮಗನ ಕಳೆ. "ನೋಡಿದ್ಯಾ? ನಿನ್ನ ಹಣ್ಣಿಗೇ ದೃಷ್ಟಿಯಾಗಿತ್ತು, ಉಪ್ಪು ಇಳಿಸ್ತು. ಕೊಡಿಲ್ಲಿ ಗಂಟು. ಮುಂದಿನ ಲಾರಿ!"

ಜಲ್ಲೂಲ್ ಕಾಕಾನ ನಗು ನಿಂತುಹೋಯಿತು.

ಮೊಹರಿನ ಚೀಟಿ ಕೈಗೆ ಬಂದಿತ್ತು, ಮಬ್ರೂಕ್ ಹೊರಟುಬಿಡಬಹುದಿತ್ತು. ಅವನು ಗಂಟನ್ನು ತುಹಾಮಿಯ ಪುದೀನಾ ಚಹಾದ ಲೋಟಕ್ಕೆ ಎತ್ತಿಹಾಕಿದ.

"ಚಹಾಕ್ಕೂ ದೃಷ್ಟಿಯಾಗಿತ್ತು, ಸಾಹೇಬ್ರೇ. ಕುಡೀರಿ."

ಎಂಜಿನಿಯರ್ ಸಾಹೇಬರು ಚಮಚದಿಂದ ಗಂಟಿಗಾಗಿ ತಡಕಾಡುತ್ತಿರುವಾಗಲೇ ಜಲ್ಲೂಲ್ ಕಾಕಾ ತನ್ನ ಖರ್ಜೂರವನ್ನು ಒಣ ತಟ್ಟೆಗೆ ಹಾಕಿ ಮುಚ್ಚಳ ಮುಚ್ಚಿದ.