ಉಪ್ಪು ಕರಗಿಸುವ ಪಾತ್ರೆ

ಬೆರಳಿನಲ್ಲಿ ಇನ್ನೂ ಸೀಮೆಎಣ್ಣೆ ವಾಸನೆ, ಮೂರು ಸಲ ಸೋಪು ಹಾಕಿ ತಿಕ್ಕಿದರೂ ಹೋಗಿಲ್ಲ, ನಜೀರ್ ಅಹ್ಮದ್ ಕೈಯನ್ನು ಜೇಬಿಗೆ ತುರುಕಿದ, ಆಚೆ ಸೋಮನಹಳ್ಳಿ ಹೆದ್ದಾರಿಯಲ್ಲಿ ಕಬ್ಬಿನ ಲಾರಿ ಹೋಗಿ ವರ್ಕ್‌ಶಾಪಿನ ತಗಡೆಲ್ಲ ಗಡಗಡ ಎಂದಿತು, ಒಳಗೆ ಅಮೃತ ಪಾತ್ರೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೆಸುಗೆಯ ಮೇಲೆ ಟಾರ್ಚ್ ಬಿಡುತ್ತಿದ್ದಾಳೆ, ಕೆರಗೋಡಿನ ಹುಡುಗಿ, ಪ್ರಯೋಗಾಲಯದ ಇಂಜಿನಿಯರು, ನೋಡಲಿ, ಕಣ್ತುಂಬ ನೋಡಲಿ, ನಲವತ್ತು ವರ್ಷ ಮದ್ದೂರು ಮಳವಳ್ಳಿ ಆಲೆಮನೆಗಳಿಗೆಲ್ಲ ಕೊಪ್ಪರಿಗೆ ಬೆಸೆದ ಕೈ ಇದು, ಒಂದು ತೊಟ್ಟು ಕಬ್ಬಿನಹಾಲು ಒಲೆಗೆ ಸೋರಿತು ಅಂತ ಯಾವ ಗೌಡನೂ ಹೇಳಿಲ್ಲ — ಅವಳು ಮೊದಲ ದಿನ ನಕ್ಷೆ ಬಿಡಿಸಿಟ್ಟಾಗ ನಕ್ಕಿದ್ದ, ಉಪ್ಪು ಕರಗ್ಸಕ್ಕೆ ಇಷ್ಟೊಂದು ಬಡಿವಾರ ಯಾಕವ್ವ, ಒಂದು ಚೊಂಬು ನೀರು ಸಾಕಲ್ಲ, ನೀರು ಮುಟ್ಟಂಗೇ ಇಲ್ಲ ನಜೀರಣ್ಣ, ಬೆಂಕೀಲೇ ಕರಗ್ಬೇಕು, ಐನೂರು ಡಿಗ್ರಿ, ಕರಗಿದ್ ಮೇಲೆ ಬಾವಿ ನೀರಂಗೆ ತಿಳಿಯಾಗಿರ್ತದೆ, ಅಣು ಸ್ಥಾವರದಲ್ಲಿ ಉರಿದು ಮುಗೀತು ಅಂತ ತೆಗೆದಿಟ್ಟ ಇಂಧನಾನ ಅದರೊಳಕ್ಕೆ ಇಳಿಬುಟ್ಟು ಕರೆಂಟು ಕೊಟ್ರೆ ಒಳ್ಳೆ ಯುರೇನಿಯಂ ಬಂದು ಕಬ್ಬಿಣದ ಸರಳಿಗೆ ಕಚ್ಕತದೆ, ಕೊಳೆ ಉಪ್ಪಲ್ಲೇ ಉಳ್ಕತದೆ — ಅಂದ್ರೆ ಸಿಪ್ಪೆ ಅಂತ ಎಸೆದ ಕಬ್ಬಲ್ಲಿ ಇನ್ನೂ ಹಾಲಿತ್ತು ಅನ್ನು, ಹೂಂ ಕಣಣ್ಣ, ಅಂಗೇಯ, ಮೊದಲು ಬರೀ ಉಪ್ಪು ಹಾಕಿ ನೋಡದು, ಮಿಕ್ಕಿದ್ದು ಆಮೇಲೆ — ಅವತ್ತಿನಿಂದ ಅವನ ನಡಿಗೆಯೇ ಬೇರೆ, ಮಸೀದಿ ಎದುರು ಚಹಾ ಕುಡಿಯುವಾಗಲೂ ಎದೆ ಒಂದಿಂಚು ಮುಂದೆ.

ನೆನ್ನೆ ಸಂಜೆ ಕೊನೆಯ ಬೆಸುಗೆ ಮುಗಿದಾಗ ಮಾತ್ರ ಕೈ ಬುದ್ಧಿಯ ಮಾತು ಕೇಳಲಿಲ್ಲ, ಅಬ್ಬಾಜಾನ್ ಕಲಿಸಿದ ಪಾಠ, ಹೊರಗೆ ಸುಣ್ಣ ಬಳಿ, ಒಳಗೆ ಸೀಮೆಎಣ್ಣೆ ಸವರು, ಸೂಜಿಮೊನೆಯಷ್ಟು ಬಿರುಕಿದ್ದರೂ ಬಿಳಿ ಸುಣ್ಣದ ಮೇಲೆ ಕಲೆ ಏಳುತ್ತದೆ, ಸುಣ್ಣಕ್ಕೆ ಸುಳ್ಳು ಬರಲ್ಲ ಕಣೋ ನಜೀರ್, ಕಲೆ ಏಳಲಿಲ್ಲ, ಕುಣಿದುಬಿಡೋಣ ಅನ್ನಿಸಿತು, ಮನೆಯಲ್ಲಿ ಊಟಕ್ಕೆ ಕೂತಾಗ ನೆನಪಾಯಿತು, ಕರಾರಿನ ಕಾಗದದಲ್ಲಿ ಅಮೃತ ಅವನಿಗೆಂದೇ ಕನ್ನಡದಲ್ಲಿ ಬರೆದಿದ್ದಳು, ಒಳಗೆ ನೀರಾಗಲಿ ಎಣ್ಣೆಯಾಗಲಿ ಸೋಕಬಾರದು, ತಟ್ಟೆ ಬಿಟ್ಟೆದ್ದು ಬೆರಳಿಗೆ ಸೋಪು ಹಾಕಿ ತಿಕ್ಕಿದ — ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತೆ, ಅಗೋ ಈಗ ಅವಳು ಪಾತ್ರೆಗೆ ಅನಿಲ ಹಾಯಿಸಿ ಯಂತ್ರ ಹಚ್ಚಿದಳು, ಕೂದಲೆಳೆ ಸೋರಿಕೆಗೂ ಕಿರುಚುವ ಯಂತ್ರ, ಕಿರುಚಲಿಲ್ಲ, ಸೊನ್ನೆ ನಜೀರಣ್ಣ, ಇಂಥ ಬೆಸುಗೆ ನಾನೆಲ್ಲೂ ಕಂಡಿಲ್ಲ, ಆ ಒಂದು ಮಾತಿಗೆ ತಾನೆ ನಲವತ್ತು ವರ್ಷ ಕಾದಿದ್ದು, ಅದನ್ನು ಕದ್ದ ಮಾಲಿನ ಹಾಗೆ ಇಟ್ಟುಕೊಳ್ಳೋದು ಹೇಗೆ, ಬಾಯಿ ತಾನಾಗೇ ತೆರೆಯಿತು, ಅವ್ವಾ, ಒಳಗೆ ಸೀಮೆಎಣ್ಣೆ ಸವರ್ಬುಟ್ಟಿವ್ನಿ, ಅವಳು ಟಾರ್ಚ್ ಆರಿಸಿದಳು, ತೊಳೆದ್ರೆ ಓಗಕ್ಕಿಲ್ವಾ, ಹೋಗಬೌದು ಕಣಣ್ಣ, ಆದ್ರೆ ಪೂರಾ ಹೋಯ್ತು ಅಂತ ನಾನು ಸೈನ್ ಹಾಕಕ್ಕಾಗಲ್ಲ, ಒಂಚೂರು ಪಸೆ ಉಳಿದ್ರೂ ಉಪ್ಪು ಕೆಡ್ತದೆ, ಇನ್ನೊಂದು ಮಾಡ್ಕೊಡ್ತೀರಾ — ಇನ್ನೊಂದು, ತನ್ನನ್ನೇ ಕೇಳಿದಳು, ಬೇರೆಯವರ ಹತ್ತಿರ ಹೋಗುತ್ತೇನೆ ಅನ್ನಲಿಲ್ಲ, ಮಾಡ್ಕೊಡ್ತೀನಿ, ಇದರಪ್ಪನಂಥದು ಮಾಡ್ಕೊಡ್ತೀನಿ — ಬೇಡದ ಪಾತ್ರೆಗೆ ಕೆಂಪು ಕತ್ತರಿ ಗುರುತು ಹಾಕಬೇಕಂತೆ, ಅವಳು ಬ್ರಷ್ ಅದ್ದಿದಳು, ಕೊಡವ್ವ ಇಲ್ಲಿ, ನನ್ನ ಬೆಸುಗೆ ಮೇಲೆ ಇನ್ನೊಬ್ಬರ ಕೈ ಬ್ಯಾಡ, ಒಂದು ಗೀಟು, ಅಡ್ಡಕ್ಕೆ ಇನ್ನೊಂದು, ಬಣ್ಣ ಇಳಿದು ಇಳಿದು ಬೆಸುಗೆಯ ಪಕ್ಕ ಅವನು ಕೊರೆದಿದ್ದ ತನ್ನ ಹೆಸರಿನ ನ ಅಕ್ಷರದೊಳಗೆ ತುಂಬಿತು, ಒರೆಸಲಿಲ್ಲ, ಕೆಂಪು ನ, ಪಕ್ಕದಲ್ಲಿ ಕೂದಲೆಳೆ ಬಿರುಕಿಲ್ಲದ ಬೆಸುಗೆ, ಕೆಂಪು ನ, ಕೆಂಪು ನ —